ಪಾಲು ಬೇಡವೆಂದವನು

ಮೈಸೂರಿನ ಕಡೆಯವನಿಗೆ ಊಟ ಮುಗಿಯಿತೆಂದು ತಿಳಿಯುವುದೇ ಮೊಸರನ್ನದಿಂದ. ಹುಳಿ, ಸಾರು, ಪಲ್ಯ ಏನೆಲ್ಲ ಬಡಿಸಿದರೂ ಕೊನೆಗೊಂದು ಹಿಡಿ ಅನ್ನಕ್ಕೆ ಮೊಸರು ಕಲಸಿ, ಉಪ್ಪಿನಕಾಯಿ ನೆಂಚಿಕೊಂಡು ಎದ್ದರೇ ತೃಪ್ತಿ. ಆ ಕೊನೆಯ ತುತ್ತೊಂದನ್ನು ಬಿಟ್ಟು ನೋಡಿ ಸ್ವಾಮಿ, ಎಷ್ಟು ಉಂಡರೂ ಮಾತು ಅರ್ಧಕ್ಕೆ ನಿಂತಂತೆ ಅನ್ನಿಸುತ್ತದೆ. ಐವತ್ತರ ದಶಕದ ಕೊನೆಯಲ್ಲಿ, ಬ್ಯಾಂಕಿನವರು ನನ್ನನ್ನು ಕೊಚ್ಚಿಗೆ ವರ್ಗ ಮಾಡಿದ್ದ ಕಾಲದಲ್ಲಿ, ನಾನು ತಿಂಗಳುಗಟ್ಟಲೆ ಹಾಗೆ ಅರ್ಧ ಊಟದಿಂದ ಎದ್ದವನು.

ಕಾರಣ ನನ್ನ ಚರ್ಮ. ಅಲ್ಲಿನ ಗಾಳಿಯೋ, ನೀರೋ, ಬಿಡದೆ ಸುರಿಯುವ ಬೆವರೋ, ಕತ್ತಿನ ಸುತ್ತಲೂ ಮೊಣಕೈ ಮಡಿಕೆಗಳಲ್ಲೂ ಇಸುಬು ಎದ್ದು, ಕೆರೆದಷ್ಟೂ ಹಬ್ಬಿತು. ಮುಲಾಮುಗಳೆಲ್ಲ ಸೋತ ಮೇಲೆ, ಯಾರೋ ಹೇಳಿದರೆಂದು ತಿರುವನಂತಪುರದವರೆಗೆ ಹೋಗಿ, ತಂಪಾನೂರಿನಲ್ಲಿ ಬಸ್ಸಿಳಿದು, ಹಳೆಯ ತಲೆಮಾರಿನ ವೈದ್ಯರೊಬ್ಬರ ಮುಂದೆ ಕೂತೆ. ಅವರು ಕಷಾಯಕ್ಕಿಂತ ಪಥ್ಯವನ್ನೇ ಒತ್ತಿ ಹೇಳಿದರು: ಹಾಲು, ಮೊಸರು, ಮಜ್ಜಿಗೆ, ತುಪ್ಪ ಯಾವುದೂ ಕೂಡದು. ಇದು ಅಂಟುವ ರೋಗವಲ್ಲ, ಹೆದರಬೇಡಿ ಎಂದೂ ಹೇಳಿದರು. ಮೊದಲ ಮಾತನ್ನು ನಂಬಿದೆ. ಎರಡನೆಯದನ್ನು ನಂಬಲು ಧೈರ್ಯ ಸಾಲಲಿಲ್ಲ.

ಏಕೆಂದರೆ ಮೈಸೂರಿನಲ್ಲಿ, ತವರಿನಲ್ಲಿದ್ದ ನನ್ನ ಹೆಂಡತಿ ಶಾರದೆಗೆ ಹೆಣ್ಣುಮಗು ಹುಟ್ಟಿತ್ತು. ನಾಮಕರಣಕ್ಕೆ ಹೋದಾಗ ಅತ್ತೆಯವರು ನನ್ನ ಕತ್ತನ್ನು ನೋಡಿ, ಗುಣವಾಗುವವರೆಗೆ ಎಳೆಯ ಮೈಯನ್ನು ಮುಟ್ಟುವುದು ಬೇಡವೇನೋ ಎಂದು ಬಲು ಮೆತ್ತಗೆ ಹೇಳಿದರು. ಗಟ್ಟಿಯಾಗಿ ಹೇಳಿದ್ದರೆ ಜಗಳವಾಡಬಹುದಿತ್ತು. ಮೊದಲೇ ನನಗೆ ಮೂಗಿನ ತುದಿಯಲ್ಲಿ ಕೋಪ. ಮೆತ್ತಗೆ ಹೇಳಿದ್ದಕ್ಕೆ ಏನು ಮಾಡಲಿ? ಮಗುವಿನ ಕಿವಿಯಲ್ಲಿ ಹೆಸರನ್ನು ನನ್ನ ಬದಲು ಮಾವನವರು ಹೇಳಿದರು. ತೊಟ್ಟಿಲನ್ನು ದೂರದಿಂದ ನೋಡಿ ಕೊಚ್ಚಿಗೆ ಮರಳಿದವನು, ಚರ್ಮ ತಿಳಿಯಾಗುವ ತನಕ ಆ ಕಡೆ ತಲೆಹಾಕುವುದಿಲ್ಲವೆಂದು ಹಠ ಹಿಡಿದೆ.

ಊಟಕ್ಕಿದ್ದದ್ದು ಜಾನಕಿಯಮ್ಮನೆಂಬ ಹಿರಿಯ ವಿಧವೆ ನಡೆಸುತ್ತಿದ್ದ ಮೆಸ್ಸು. ನನಗಿದ್ದ ಎರಡು ಹಿಡಿ ಮಲಯಾಳದಲ್ಲಿ “ಪಾಲು ವೇಂಡ, ತೈರು ವೇಂಡ” ಎಂದು, ಹಾಲೂ ಬೇಡ ಮೊಸರೂ ಬೇಡವೆಂದು ತಿಳಿಸಿದೆ, ಆಕೆ ತಲೆಯಾಡಿಸಿದರು. ಹಾಲಿಗೆ ಪಾಲು ಎನ್ನುವ ಆ ಭಾಷೆಯನ್ನು ಕೇಳಿ ಮೊದಮೊದಲು ನನಗೆ ನಗು ಬರುತ್ತಿತ್ತು. ನನಗೆ ನನ್ನ ಪಾಲು ಬೇಡ ಎಂದು ನಾನೇ ಬಾಯಿಬಿಟ್ಟು ಹೇಳಿದಂತಾಯಿತಲ್ಲ ಎಂದುಕೊಂಡೆ. ಆಮೇಲೆ ನಗು ನಿಂತುಹೋಯಿತು. ಎಲ್ಲರೂ ಮೋರು ಎನ್ನುವ ಮಜ್ಜಿಗೆ ಸುರಿದುಕೊಂಡು ಉಣ್ಣುವಾಗ, ಪಂಕ್ತಿಯಿಂದ ಮೊದಲೇ ಏಳಬಾರದೆಂದು ನಾನು ಎಂಜಲುಗೈ ಒಣಗಿಸಿಕೊಂಡು ಕೂತಿರುತ್ತಿದ್ದೆ. ಪಕ್ಕದವರು ಮಾತಾಡುವುದು ಅರ್ಧ ತಿಳಿಯುತ್ತಿತ್ತು, ಉತ್ತರ ಕೊಡಲು ಬರುತ್ತಿರಲಿಲ್ಲ. ಒಂಟಿತನವೆಂದರೆ ಏನೆಂದು ನನ್ನನ್ನು ಕೇಳಿದರೆ ಆ ಒಣಗಿದ ಕೈಯನ್ನೇ ತೋರಿಸುತ್ತೇನೆ.

ಆಗ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಕುಂಬಳಕಾಯಿಯ ಓಲನ್ ಎಂಬ ಬಿಳಿಯ ವ್ಯಂಜನ ಎಲ್ಲರ ಎಲೆಗೂ ಬೀಳುತ್ತಿತ್ತು. ನನ್ನ ಎಲೆಯ ಬಳಿ ಸೌಟು ಹಾರಿ ಮುಂದೆ ಹೋಗುತ್ತಿತ್ತು. ಬೆಳಿಗ್ಗೆ ಅಪ್ಪದ ಜೊತೆ ಬಡಿಸುವ ಸ್ಟೂ ಎಂಬ ತರಕಾರಿ ಗೊಜ್ಜು ಕೂಡ ಹಾಗೆಯೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ನಾನು. ಓಹೋ, ಈಕೆಗೂ ನನ್ನ ಮೈ ಕಂಡರೆ ಅಸಹ್ಯ, ಸೌಟು ನನ್ನ ಎಲೆಗೆ ತಾಗೀತೆಂಬ ಭಯ ಎಂದು ತೀರ್ಮಾನಿಸಿ, ಅಂಗಿಯ ಕಾಲರನ್ನು ಕಿವಿಯವರೆಗೆ ಎತ್ತಿಕೊಂಡು ಪಂಕ್ತಿಯ ತುದಿಗೆ ಸರಿದೆ. ಅನ್ನವನ್ನೂ ಹುಳಿಯನ್ನೂ ಅದೇ ಕೈ ಬಡಿಸುತ್ತಿತ್ತೆಂಬುದು ಹೊಳೆಯಲೇ ಇಲ್ಲ ನೋಡಿ.

ಓಣಂ ಬಂತು. ಬೆಲ್ಲದ ಪಾಯಸದ ಘಮ ಬೀದಿಗೆಲ್ಲ ಹಬ್ಬಿತ್ತು. ಹಬ್ಬದ ದಿನವೂ ಪಾಯಸದ ಸೌಟು ನನ್ನನ್ನು ದಾಟಿಹೋದಾಗ ತಡೆಯಲಾಗಲಿಲ್ಲ; ನನಗೇಕೆ ಇಲ್ಲವೆಂದು ನಾಲ್ಕು ಜನರ ಮುಂದೆ ಕೇಳಿಯೇಬಿಟ್ಟೆ.

ಜಾನಕಿಯಮ್ಮ ಬೆರಗಾಗಿ ನಿಂತರು. “ಸಾರಲ್ಲೇ ಪಾಲು ವೇಂಡೆನ್ನು ಪರಞ್ಞದು? ಇದು ತೇಂಗಾಪ್ಪಾಲಲ್ಲೇ.”

ಪಾಲು ಬೇಡವೆಂದವರು ನೀವೇ ಅಲ್ಲವೇ ಸಾರ್, ಇದು ತೆಂಗಿನಕಾಯಿಯ ಹಾಲಲ್ಲವೇ! ನಮ್ಮಲ್ಲಿ ಬರಿಯ ಹಾಲೆಂದರೆ ಹಸುವಿನದು. ಅವರ ಅಡುಗೆಮನೆಯಲ್ಲಿ ದಿನವೂ ಹಿಂಡುವುದು ಕಾಯಿಯನ್ನು. ನನ್ನ ಪಥ್ಯ ಎಲ್ಲಿ ಕೆಟ್ಟೀತೋ ಎಂದು ಆಕೆ ನನಗಾಗಿ ಬೇರೆ ಪಲ್ಯ ಮಾಡಿ, ಕಾಯಿಹಾಲು ಸೋಕಿದ್ದನ್ನೆಲ್ಲ ದೂರವಿಟ್ಟಿದ್ದರು. ನನ್ನನ್ನು ಅಷ್ಟು ಜೋಪಾನ ಮಾಡಿದ್ದನ್ನೇ ನಾನು ತಿರಸ್ಕಾರವೆಂದು ಓದಿಕೊಂಡಿದ್ದೆ. ಕಣ್ಣು ತುಂಬಿಬಂತು. ನಾನು ಬೇಡವೆಂದದ್ದು ಹಸುವಿನ ಹಾಲನ್ನೆಂದು ತಿಳಿಸಿದ ಮೇಲೆ ಆಕೆ ಪಾಯಸ ಬಡಿಸಿ ಎದುರಿಗೇ ಕೂತು, ಹೆಂಡತಿ ಮಗುವನ್ನೇಕೆ ಕರೆತಂದಿಲ್ಲವೆಂದು ವಿಚಾರಿಸಿದರು. ನಾನು ಕಾಲರು ಸರಿಸಿ ಕತ್ತು ತೋರಿಸಿದೆ. ಆಕೆ ಹತ್ತಿರ ಬಗ್ಗಿ ನೋಡಿ, ನಕ್ಕು, “ಕುಞ್ಞಿನೆ ಪೋಯಿ ಎಡುಕ್ಕ್ ಸಾರೇ” ಎಂದರು. ಹೋಗಿ ಮಗುವನ್ನು ಎತ್ತಿಕೊಳ್ಳಿ ಎಂದು ಇಷ್ಟು ದಿನ ನನಗೆ ಯಾರೂ ಹೇಳಿರಲಿಲ್ಲ.

ರಜೆ ಹಾಕಿ ರೈಲು ಹತ್ತಿದೆ. ಹತ್ತಿರದ ಆಲುವ ನಿಲ್ದಾಣ ದಾಟುವವರೆಗೂ ಇಳಿದು ವಾಪಸು ಹೋಗಿಬಿಡಲೇ ಎಂಬ ಅಳುಕಿತ್ತು. ಮೊಣಕೈ ತಿಳಿಯಾಗಿತ್ತು, ನಿಜ. ಕತ್ತಿನದು ಮಾತ್ರ ಇನ್ನೂ ಕೆಂಪಗೇ ಇತ್ತು.

ಬಾಗಿಲಲ್ಲೇ ಶಾರದೆ ನನ್ನ ಮುಖ ನೋಡಿದಳು, ಕತ್ತು ನೋಡಿದಳು. ವೈದ್ಯರ ಮಾತನ್ನು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ, “ಎತ್ಕೊಳ್ಳಿ, ನಿಮ್ಮನ್ನೇ ಕಾಯ್ತಿದ್ಲು” ಎಂದು ಮಗಳನ್ನು ತೋಳಿಗೆ ಕೊಟ್ಟೇಬಿಟ್ಟಳು. ಆಗತಾನೇ ಹಾಲು ಕುಡಿದಿದ್ದ ಕೂಸು ನನ್ನ ಹೆಗಲಿಗೆ ಒರಗಿ, ಒಮ್ಮೆ ಬಿಕ್ಕಿ, ನನ್ನ ಕತ್ತಿನ ಮೇಲೆಯೇ ಹಾಲು ಕಕ್ಕಿತು. ಅತ್ತೆಯವರು ಬಟ್ಟೆ ಹಿಡಿದು ಓಡಿಬಂದರು. ಇರಲಿ ಬಿಡಿ ಎಂದೆ.