ಪಂಚಮಿಯೊಳಗೆ ಮಾರಬೇಕಿದ್ದ ಲೇಖನ

ಮೊದಲ ಲೇಖನವನ್ನು ಮಾರುವುದು ಹೇಗೆ ಎಂದು ಈಗ ನನ್ನನ್ನೂ ಕೇಳುವವರಿದ್ದಾರೆ. ಈಚೆಗೆ ಮುದ್ದೇಬಿಹಾಳದ ಒಂದು ಕಾಲೇಜಿನವರು ಕರೆದು, ಮೈಕು ಕೈಗೆ ಕೊಟ್ಟು, ‘ಬರವಣಿಗೆಯಿಂದ ಗಳಿಕೆ’ ಎಂಬ ವಿಷಯದ ಮೇಲೆ ಮಾತಾಡಿಸಿದರು. ಮುಗಿದ ಮೇಲೆ ಗಳಿಕೆಯಾಗಿ ಒಂದು ಶಾಲು, ಒಂದು ಹಾರ, ನನ್ನ ಹೆಸರನ್ನು ತಪ್ಪಾಗಿ ಕೆತ್ತಿದ ಒಂದು ಗಾಜಿನ ಫಲಕ ಕೊಟ್ಟರು. ಹಾರವನ್ನು ವಾಪಸು ಬರುವಾಗ ಬಸ್ಸಿನ ಡ್ರೈವರಿಗೆ ಕೊಟ್ಟೆ. ಆತ ಅದನ್ನು ಮುಂದಿನ ಗಾಜಿಗೆ ತೂಗುಹಾಕಿದ. ನನ್ನ ಉಪನ್ಯಾಸದಿಂದ ಅಂದು ಯಾರಿಗಾದರೂ ಲಾಭವಾಗಿದ್ದರೆ ಅದು ಆ ಬಸ್ಸಿಗೆ.

ಸಭೆಯಲ್ಲಿ ನಾಲತವಾಡದ ಒಬ್ಬ ಹುಡುಗಿ ಎದ್ದು ನಿಂತಳು. “ಮೇಡಂ, ಮೊದಲನೇದ್ದು ಮಾರೂದು ಹೆಂಗ್ರಿ?” ಎಂದಳು. ಪತ್ರಿಕೆ ಓದಿ, ಪದಮಿತಿ ನೋಡಿ, ಕಾಗುಣಿತ ತಿದ್ದಿ, ತಾಳ್ಮೆ ಇರಲಿ ಎಂದು ಎಲ್ಲರೂ ಹೇಳುವುದನ್ನೇ ನಾನೂ ಹೇಳಿದೆ. ಅವಳು ಎಲ್ಲವನ್ನೂ ಬರೆದುಕೊಂಡಳು. ನಿಜವಾದ ಉತ್ತರ ಕೊಡಬೇಕೆಂದರೆ ನನ್ನ ಅತ್ತೆಯ ವಿಷಯ ಹೇಳಬೇಕಾಗುತ್ತಿತ್ತು. ಮೈಕಿನಲ್ಲಿ ಅದು ಸಾಧ್ಯವಿರಲಿಲ್ಲ, ಇಲ್ಲಿ ಹೇಳುತ್ತೇನೆ.

ಹಾಗೆ ನೋಡಿದರೆ ನನ್ನ ಬರವಣಿಗೆಗೆ ಬಸವನ ಬಾಗೇವಾಡಿಯಲ್ಲಿ ಬೇಡಿಕೆ ಎಂದೂ ಕಡಿಮೆ ಇರಲಿಲ್ಲ. ಇಂಡಿಯಿಂದ ಸೊಸೆಯಾಗಿ ಬಂದ ಹೊಸತರಲ್ಲೇ, ಹುಡುಗಿ ಕನ್ನಡ ಎಂ.ಎ. ಮಾಡಿದ್ದಾಳೆ ಎಂಬ ಸುದ್ದಿ ಓಣಿಯ ತುಂಬ ಹಬ್ಬಿತು. ಅಂದಿನಿಂದ ಯಾರು ಹುಟ್ಟಿದರೂ, ಯಾರು ನಿವೃತ್ತರಾದರೂ, ಯಾರು ತೀರಿಕೊಂಡರೂ ಒಕ್ಕಣೆ ನನ್ನದೇ. ಹುಟ್ಟುಹಬ್ಬದ ಫ್ಲೆಕ್ಸಿಗೆ ‘ಯುವಕರ ಕಣ್ಮಣಿ’ ಎಂದು ಬರೆಯಬೇಕೋ ‘ಬಡವರ ಬಂಧು’ ಎಂದು ಬರೆಯಬೇಕೋ ಎಂದು ರಾತ್ರಿ ಊಟದ ಹೊತ್ತಿಗೆ ಫೋನು ಬರುತ್ತಿತ್ತು. ನಿವೃತ್ತರಾಗಲಿದ್ದ ಒಬ್ಬ ಮುಖ್ಯಗುರುಗಳು ತಾವೇ ಮನೆಗೆ ಬಂದು, ತಮ್ಮ ಬಿನ್ನವತ್ತಳೆಯಲ್ಲಿ ‘ಅಜಾತಶತ್ರು’ ಎಂಬ ಪದ ಬಿಟ್ಟುಹೋಗಿದೆ ಎಂದು ನೆನಪಿಸಿ, ಚಹಾ ಕುಡಿದು ಹೋದರು.

ಇದಕ್ಕೆಲ್ಲ ಸಂಭಾವನೆ ಶಾಲು. ಒಂದನ್ನು ಟಿವಿಗೆ ಹೊದಿಸಿದೆವು, ಒಂದನ್ನು ಮಿಕ್ಸರಿಗೆ, ಒಂದನ್ನು ಜೋಳದ ಡಬ್ಬಿಗೆ, ಒಂದನ್ನು ಹೊಲಿಗೆ ಯಂತ್ರಕ್ಕೆ. ನಮ್ಮ ಮನೆಯಲ್ಲಿ ಸನ್ಮಾನವಾಗದ ವಸ್ತುವೇ ಉಳಿಯಲಿಲ್ಲ.

ನನಗೆ ಮಾತ್ರ ನನ್ನದೇ ಏನಾದರೂ ಬರೆಯುವ ಆಸೆ. ಹೊತ್ತೇ ಸಿಗುತ್ತಿರಲಿಲ್ಲ. ಗಂಡನ ನೌಕರಿ ಆಲಮಟ್ಟಿಯ ಕಾಲುವೆ ಕಚೇರಿಯಲ್ಲಿ. ಅವರು ಬೆಳಗಿನ ಬಸ್ಸು ಹಿಡಿಯುವುದರೊಳಗೆ ರೊಟ್ಟಿಯ ಬುತ್ತಿ ತಯಾರಿರಬೇಕು, ಅದಾದ ಮೇಲೆ ಮಕ್ಕಳ ಸಾಲಿ ಡಬ್ಬಿ. ಆ ಗದ್ದಲ ಮುಗಿಯುವಾಗ ತಲೆಯಲ್ಲಿದ್ದ ಸಾಲುಗಳೆಲ್ಲ ಹಾರಿಹೋಗಿರುತ್ತಿದ್ದವು. ಹಾಗಾಗಿ ಒಲೆಯ ಮುಂದೆಯೇ, ಒಂದು ಕೈಯಲ್ಲಿ ಮೊಬೈಲು ಹಿಡಿದು, ನೆನಪಾದದ್ದನ್ನು ಬೆರಳಿನಿಂದ ಒತ್ತಿಕೊಳ್ಳುವುದನ್ನು ರೂಢಿ ಮಾಡಿಕೊಂಡೆ. ಒಂದು ದಿನ ರೊಟ್ಟಿಯ ಹಂಚಿನಿಂದ ಹೊಗೆ ಎದ್ದದ್ದು ನನಗೆ ಕಾಣಲಿಲ್ಲ, ಅತ್ತೆಗೆ ಕಂಡಿತು.

ನನ್ನ ಅತ್ತೆ ಸಿಂದಗಿ ಕಡೆಯವರು. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾರೆ, ಪಕ್ಕದ ಮನೆಗೂ ಕೇಳುವ ಹಾಗೆ ಹೇಳುತ್ತಾರೆ.

“ಎರಡೂ ಹೊತ್ತಾಕತ್ತಾವು ನೋಡು,” ಎಂದರು. “ರೊಟ್ಟಿನೂ, ನಿನ್ನ ಬರಿಯೂದೂ.”

ನಾನು ತಲೆ ತಗ್ಗಿಸಿ ರೊಟ್ಟಿ ತಿರುವಿದೆ. ಅವರು ನನ್ನನ್ನು ಪಕ್ಕಕ್ಕೆ ಸರಿಸಿ ಒಲೆಯ ಮುಂದೆ ಕೂತರು. “ಕೇಳಿಲ್ಲೆ. ಉಗಾದಿ ಈಗ ಆತು. ಪಂಚಮಿ ತನಕಾ ಮುಂಜಾನಿ ರೊಟ್ಟಿ ನಾ ಬಡೀತೇನಿ, ನೀ ಕುಂತು ಬರಿ. ಅಷ್ಟರಾಗ ಯಾರರ ನಿನ್ನ ಬರದದ್ದು ರೊಕ್ಕಾ ಕೊಟ್ಟು ತಗೊಂಡ್ರ ಮುಂದೂ ನಾನ ಬಡೀತೇನಿ. ಇಲ್ಲಂದ್ರ ಮೊಬೈಲ್ ಇಟ್ಟು ಹಂಚು ಹಿಡಿ. ಶಾಲು ಲೆಕ್ಕಕ್ಕಿಲ್ಲ.”

ನನಗಾದ ಖುಷಿ ಹೇಳತೀರದು. ಮದುವೆಯಾದ ಮೇಲೆ ಬೆಳಗಿನ ಹೊತ್ತು ನಿನ್ನದು ಎಂದು ಯಾರೂ ಅಂದಿರಲಿಲ್ಲ. ಮರುದಿನ ಪಡಸಾಲೆಯ ಕಿಟಕಿಯ ಪಕ್ಕ ಮಕ್ಕಳ ಮೇಜು ಎಳೆದುಕೊಂಡು ಕೂತೆ. ಅಡುಗೆಮನೆಯಿಂದ ಪಟಪಟ ಎಂದು ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಆ ಸದ್ದು ಇರುವಷ್ಟು ಹೊತ್ತು ನಾನು ಲೇಖಕಿ. ಹೇಗಾದರೂ ಮಾಡಿ ಈ ಬೆಳಗನ್ನು ಉಳಿಸಿಕೊಳ್ಳಬೇಕು ಎಂದು ಅಂದೇ ನಿಶ್ಚಯ ಮಾಡಿದೆ.

ಉಳಿಸಿಕೊಳ್ಳುವ ದಾರಿಯಾಗಿ ನಾನು ಆರಿಸಿಕೊಂಡ ವಿಷಯ: ಸಮುದ್ರ ಮತ್ತು ಏಕಾಂತ. ಸಮುದ್ರವನ್ನು ನಾನು ಆಗ ನೋಡಿರಲಿಲ್ಲ. ಏಕಾಂತವನ್ನಂತೂ ನಮ್ಮ ಓಣಿಯಲ್ಲಿ ಯಾರೂ ನೋಡಿಲ್ಲ. ಆದರೂ ಕಣ್ಣಲ್ಲಿ ನೀರು ಬರುವಂತೆ ಬರೆದೆ, ನನಗೇ ಬಂತು. ಪತ್ರಿಕೆಯವರು ಉತ್ತರಿಸಲಿಲ್ಲ. ಮುಂದೆ ಬೆಳದಿಂಗಳ ಮೇಲೊಂದು, ಮೌನದ ಮೇಲೊಂದು ಕಳಿಸಿದೆ. ಮೌನದ ಬಗ್ಗೆ ನನಗಿಂತ ಅವರಿಗೇ ಹೆಚ್ಚು ಗೊತ್ತಿತ್ತು ಎಂದು ಕಾಣುತ್ತದೆ, ಅದಕ್ಕೂ ಉತ್ತರ ಬರಲಿಲ್ಲ.

ಅತ್ತೆ ದಿನವೂ ಕೇಳುತ್ತಿದ್ದರು. “ಮಾರೀತೇನು?” ಸಂತೆಗೆ ಹೊಡೆದ ಎಮ್ಮೆಯನ್ನು ವಿಚಾರಿಸುವ ಧಾಟಿ ಅದು. ನಾನು ಇಲ್ಲ ಎನ್ನುತ್ತಿದ್ದೆ. “ಇರ್ಲಿ, ಪಂಚಮಿ ಇನ್ನೂ ದೂರ ಐತಿ,” ಎನ್ನುತ್ತಿದ್ದರು. ಪಂಚಮಿ ಮಾತ್ರ ಹತ್ತಿರ ಬರುತ್ತಲೇ ಇತ್ತು.

ಆಗ ಸಿಂದಗಿಯಲ್ಲಿ ಅತ್ತೆಯ ತಂಗಿಯ ಮೊಮ್ಮಗಳ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಹೋಗುವ ಪ್ರಸಂಗ ಬಂತು. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾದ ಮೇಲೆ ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಸೀಟು ಹಿಡಿಯುವುದು ಒಂದು ವಿದ್ಯೆಯಾಗಿದೆ. ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಏನಾದರೂ ಒಗೆಯಬೇಕು, ಒಗೆದ ವಸ್ತು ಬಿದ್ದ ಸೀಟು ನಮ್ಮದು. ಟವೆಲಿಗೆ ಒಂದು ಸೀಟಿನ ಹಕ್ಕು. ಚೀಲಕ್ಕೆ ಎರಡು. ಕರವಸ್ತ್ರದ ಹಕ್ಕು ಮಾತ್ರ ವಿವಾದದಲ್ಲಿದೆ. ಅಂದು ಒಬ್ಬಾಕೆ ತನ್ನ ಕೂಸನ್ನೇ ಕಿಟಕಿಯಿಂದ ದಾಟಿಸಿ ಸೀಟಿನ ಮೇಲೆ ಕೂರಿಸಿದಳು. ಕೂಸು ಸೀಟು ಬಿಡದೆ ಅಳುತ್ತ ಕೂತಿತ್ತು. ಅತ್ತೆ ಉಂಡಿಯ ಚೀಲ ಒಗೆದಿದ್ದರು. ಯಾರೋ ಒಬ್ಬಾತ ಅದನ್ನು ಸರಿಸಿ ಕೂತಿದ್ದ. ಅತ್ತೆ ಅವನಿಗೆ ಹೇಳಿದ ಮಾತುಗಳನ್ನು ಕೇಳಿ, ಆತ ತನ್ನ ಊರು ಬರುವ ಮೊದಲೇ ಎದ್ದು ನಿಂತ.

ಮರುದಿನ ಬೆಳಿಗ್ಗೆ ನನಗೆ ಸಮುದ್ರ ನೆನಪಾಗಲಿಲ್ಲ. ಟವೆಲು, ಚೀಲ, ಕೂಸು, ಅತ್ತೆ ಎಲ್ಲವನ್ನೂ ಒಂದೇ ಸಮನೆ ಬರೆದು ಕಳಿಸಿಬಿಟ್ಟೆ. ವಿಷಯ ಏನೆಂದು ಕೇಳಿ ಅತ್ತೆಗೆ ನಿರಾಸೆಯಾಯಿತು. “ಇದನ್ನ ಯಾಂವ ತಗೋತಾನ? ಸ್ಟ್ಯಾಂಡಿನ್ಯಾಗ ದಿನಾ ಪುಕ್ಕಟ್ ನೋಡಾಕ ಸಿಗತೈತಿ!”

ಬೆಂಗಳೂರಿನ ಒಂದು ಪತ್ರಿಕೆಯ ಸಂಪಾದಕರು ಫೋನು ಮಾಡಿದಾಗ ಪಂಚಮಿಯ ತಯಾರಿ ಶುರುವಾಗಿತ್ತು. ಅತ್ತೆ ಹಿಟ್ಟಿನ ಗಿರಣಿಗೆ ಹೋಗಿದ್ದರು. ನಾನು ಬೇಳೆ ಹಸನು ಮಾಡುತ್ತಿದ್ದೆ.

“ಮೇಡಂ, ನಿಮ್ಮ ಬಸ್ ಲೇಖನ ತುಂಬಾ ಚೆನ್ನಾಗಿದೆ. ಈ ಭಾನುವಾರ ಹಾಕ್ತಾ ಇದೀವಿ. ಗೌರವಧನ ಕಳಿಸ್ಬೇಕು, ನಿಮ್ಮ ಬ್ಯಾಂಕ್ ಡೀಟೇಲ್ಸ್ ವಾಟ್ಸಾಪ್ ಮಾಡ್ತೀರಾ?”

ನಾನು ಹಗಲಿರುಳು ಕಾದಿದ್ದ ಮಾತು ಇದು. ಅದಕ್ಕೆ ನನ್ನ ಬಾಯಿ ಕೊಟ್ಟ ಉತ್ತರ: “ಅಯ್ಯ, ಅದೆಲ್ಲಾ ಯಾಕ್ರಿ ಸರ್? ಬ್ಯಾಡ್ರಿ!”

“ಹೌದಾ ಮೇಡಂ? ತುಂಬಾ ಥ್ಯಾಂಕ್ಸ್. ನಿಮ್ಮಂಥೋರು ಅಪರೂಪ,” ಎಂದು ಅವರು ಫೋನಿಟ್ಟರು.

ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಬೇರೆಯವರಿಗಾಗಿ ಹೇಳುತ್ತೇನೆ. ನಮ್ಮಲ್ಲಿ ಯಾರ ಮನೆಗೆ ಹೋದರೂ ಚಹಾ ತಗೋರಿ ಎಂದರೆ ಬ್ಯಾಡ್ರಿ, ಈಗ ಕುಡದು ಬಂದೇನಿ ಎನ್ನಬೇಕು. ಅವರು ಮತ್ತೆ ಕೇಳುತ್ತಾರೆ, ನಾವು ಮತ್ತೆ ಬೇಡವೆನ್ನುತ್ತೇವೆ. ಅಷ್ಟರಲ್ಲಿ ಒಳಗೆ ಚಹಾ ಕುದಿಯುತ್ತಿರುತ್ತದೆ. ಮೂರನೆಯ ಸಲಕ್ಕೆ ‘ನಿಮ್ಮ ಖುಷಿರಿ’ ಎಂದು ಕಪ್ಪು ಹಿಡಿಯುತ್ತೇವೆ. ಊರಿಗೆ ಹೊರಟ ಅಜ್ಜಿ ಮಕ್ಕಳ ಕೈಗೆ ನೋಟು ಇಟ್ಟರೂ ಇದೇ. ನೂಕುವುದು, ಜಗ್ಗುವುದು, ಕೊನೆಗೆ ನೋಟು ಅಂಗಿಯ ಕಿಸೆ ಸೇರುವುದು. ಮೊದಲ ಸಲಕ್ಕೇ ಹೂಂ ಎಂದವರನ್ನು ಹಸಿದವರೆನ್ನುತ್ತೇವೆ. ಮೊದಲ ಸಲಕ್ಕೇ ಕೇಳುವುದು ಬಿಟ್ಟವರನ್ನು ಏನೆನ್ನಬೇಕೋ ನಮಗೆ ಗೊತ್ತಿಲ್ಲ, ಅಂಥವರು ನಮ್ಮಲ್ಲಿ ಇರಲಿಲ್ಲ. ಈಗ ಬೆಂಗಳೂರಿನಲ್ಲಿ ಒಬ್ಬರು ಸಿಕ್ಕಿದ್ದರು.

ಆ ದಿನ ನಾನು ಬೇಳೆಯ ಮುಂದೆ ಕೂತು ಕಣ್ಣೀರು ಹಾಕಿದೆ. ನನ್ನ ಬೆಳಗನ್ನು ನಾನೇ ಕೈಯಾರೆ ದಾನ ಮಾಡಿದ್ದೆ, ಮೇಲೆ ಅಪರೂಪದವಳೆಂಬ ಹೊಗಳಿಕೆ ಬೇರೆ. ತಿರುಗಿ ಫೋನು ಮಾಡಿ ಕೊಡಿ ಎನ್ನಲು ನಾಲಿಗೆ ಏಳಲಿಲ್ಲ.

ಭಾನುವಾರ ಲೇಖನ ಬಂತು. ಗಂಡ ಸ್ಟ್ಯಾಂಡಿನಿಂದ ಪತ್ರಿಕೆ ತಂದು ಗಟ್ಟಿಯಾಗಿ ಓದಿದರು. ಅತ್ತೆ ಕಣ್ಣು ಮುಚ್ಚಿ ಕೇಳಿದರು, ತಮ್ಮ ಜಗಳದ ಭಾಗ ಬಂದಾಗ ಮಾತ್ರ ತಡೆದರು. “ನಾ ಇಷ್ಟ ಬೈದಿಲ್ಲ. ಇನ್ನೂ ಜೋರು ಬೈದಿದ್ದೆ.” ಓದಿ ಮುಗಿದ ಮೇಲೆ ನನ್ನತ್ತ ತಿರುಗಿದರು. “ರೊಕ್ಕಾ?”

ನಡೆದದ್ದನ್ನು ಹೇಳಿದೆ. ಗಂಡ ಹಣೆ ಹಿಡಿದುಕೊಂಡರು. ಅತ್ತೆ ನನಗೆ ಬಯ್ಯುತ್ತಾರೆಂದು ಕಾದೆ. ಅವರ ಸಿಟ್ಟು ಬೇರೆ ಕಡೆ ಹೋಯಿತು.

“ಒಮ್ಮಿ ಬ್ಯಾಡ ಅಂದಿದ್ದಕ್ಕ ಸುಮ್ನಾದ್ನ? ಅವರ ಮನ್ಯಾಗ ಹಿರ್ಯಾರು ಯಾರೂ ಇಲ್ಲೇನು? ಹಚ್ಚು ಫೋನು.”

ನಾನು ಎಷ್ಟು ಬೇಡಿಕೊಂಡರೂ ಕೇಳಲಿಲ್ಲ. ಮೊಮ್ಮಕ್ಕಳ ಕೈಯಲ್ಲಿ ಸ್ಪೀಕರ್ ಹಾಕಿಸಿದರು. ಆ ಕಡೆಯಿಂದ “ಹೇಳಿ ಮೇಡಂ” ಎಂದು ಕೇಳಿಸಿತು.

“ಮೇಡಂ ಅಲ್ರಿ, ಅಕಿ ಅತ್ತಿ ಮಾತಾಡಾಕತ್ತೇನಿ. ಆರಾಮ ಅದೀರಿಲ್ಲೋ? ಊಟ ಆತ್ರಿ?” ಅವರು ಗಲಿಬಿಲಿಯಿಂದ ಆಯ್ತು ಎಂದರು. “ನೀವು ನಮ್ಮ ಮನಿಗೆ ಬಂದ್ರಿ ಅಂತ ತಿಳ್ಕೋರಿ. ನಾ ಚಾ ತಗೋರಿ ಅಂತೇನಿ. ನೀವು ಬ್ಯಾಡ್ರಿ ಅಂತೀರಿ. ನಾ ಹಂಗ ಬಿಡ್ತೇನೇನ್ರಿ?”

“ಇಲ್ಲಮ್ಮ, ಬಿಡಲ್ಲ ಅನ್ಸುತ್ತೆ.”

“ಮತ್ತ ನೀವು ಹೆಂಗ ಬಿಟ್ರಿ?”

ಸಂಪಾದಕರು ಜೋರಾಗಿ ನಕ್ಕರು. “ತಪ್ಪಾಯ್ತಮ್ಮ. ಅವರಿಗೇ ಕೊಡಿ ಫೋನು. ಮೇಡಂ, ಗೌರವಧನ ಕಳಿಸಲಾ?”

“ಅಯ್ಯ, ಇರ್ಲಿ ಬಿಡ್ರಿ ಸರ್,” ಎಂದಿತು ನನ್ನ ಬಾಯಿ. ಅದಕ್ಕೆ ಬುದ್ಧಿ ಬಂದಿರಲಿಲ್ಲ.

“ಇದು ಎರಡನೇದ್ದ್ರಿ,” ಎಂದು ಅತ್ತೆ ಮೊಬೈಲಿಗೆ ಬಗ್ಗಿ ಕೂಗಿದರು. “ಇನ್ನೊಮ್ಮಿ ಕೇಳ್ರಿ!”

ಅವರು ಕೇಳಿದರು. ನಾನು, “ನಿಮ್ಮ ಖುಷಿರಿ,” ಎಂದೆ.

“ಹೂಂ ಅಂದಳ್ರಿ. ಕಳಸ್ರಿ.”

ಹಣ ಪಂಚಮಿಗೆ ಮೊದಲೇ ಖಾತೆಗೆ ಬಂತು. ಮೊತ್ತ ಹೇಳುವುದಿಲ್ಲ. ಇಳಕಲ್ ಸೀರೆಗೆ ಸಾಲದು, ರವಿಕೆಯ ಖಣಕ್ಕೆ ಹೆಚ್ಚಾಗುತ್ತದೆ. ಅತ್ತೆ ಓಣಿಯ ತುಂಬ ಉಂಡಿ ಹಂಚುತ್ತ, ಬಸ್ಸಿನಲ್ಲಿ ತಾವು ಮಾಡಿದ ಜಗಳಕ್ಕೆ ಬೆಂಗಳೂರಿನಿಂದ ರೊಕ್ಕ ಬಂದಿದೆ ಎಂದು ಹೇಳಿಬಂದರು. ಲೆಕ್ಕ ಹಾಕಿದರೆ ಅದು ಸುಳ್ಳೂ ಅಲ್ಲ.

ಹಬ್ಬ ಮುಗಿದ ಮರುದಿನ ಬೆಳಿಗ್ಗೆ ಅಡುಗೆಮನೆಗೆ ಹೋದೆ. ಅತ್ತೆ ಹಿಟ್ಟು ನಾದುತ್ತಿದ್ದರು. ಪಂದ್ಯವನ್ನು ನಾನು ಗೆದ್ದಿದ್ದೆ, ಆದರೂ ಹಿರಿಯರ ಮುಂದೆ ಒಂದು ಮಾತು ಅನ್ನಬೇಕಲ್ಲ. “ಅತ್ತಿ, ಇವತ್ತಿಂದ ರೊಟ್ಟಿ ನಾ ಬಡೀತೇನ್ರಿ,” ಎಂದೆ. ಬ್ಯಾಡ, ಹೋಗು ಎನ್ನುತ್ತಾರೆಂದು ಅರ್ಧ ತಿರುಗಿ ನಿಂತಿದ್ದೆ.

ಅವರು ಕೈ ಝಾಡಿಸಿಕೊಂಡು ಹಿಟ್ಟಿನ ಪರಾತವನ್ನು ನನ್ನ ಕಡೆ ಸರಿಸಿದರು. “ಬಾ, ಕುಂಡ್ರು.”

ಕೂತೆ. ಹಿಟ್ಟಿಗೆ ಕೈ ಹಾಕಿದೆ. ಕಿಟಕಿಯ ಪಕ್ಕದ ಮೇಜು ಅಲ್ಲಿಂದಲೇ ಕಾಣುತ್ತಿತ್ತು.

“ಯಾಕ, ಮಾರಿ ಸಣ್ಣ ಮಾಡೀ?”

“ಏನಿಲ್ರಿ.”

“ಏನಿಲ್ಲ?” ಅವರು ನನ್ನ ಗದ್ದ ಹಿಡಿದು ಮುಖ ಮೇಲೆತ್ತಿದರು. ಗದ್ದಕ್ಕೆಲ್ಲ ಹಿಟ್ಟು ಹತ್ತಿತು. “ಬೆಂಗಳೂರಿನಾವಗ ಇನ್ನೊಮ್ಮಿ ಕೇಳ್ರಿ ಅಂತ ನಾ ಹೇಳಿದೆ. ನಾ ಹೋದ ಮ್ಯಾಲೆ ಯಾರು ಹೇಳಾವ್ರು? ಬಾಯಿ ಬಿಟ್ಟು ಅನ್ನು. ಏನು ಬೇಕು ನಿನಗ?”

ಎರಡು ಸಲ ಬಾಯಿ ತೆರೆದು ಮುಚ್ಚಿದೆ. ಜೀವನದಲ್ಲಿ ಯಾರ ಮುಂದೆಯೂ ಅಂದಿರದ ಮಾತು ಅದು.

“ಮುಂಜಾನಿ ಬೇಕ್ರಿ ಅತ್ತಿ,” ಎಂದೆ. “ನನಗ ಬರೀಬೇಕ್ರಿ.”

ಅತ್ತೆ ಪರಾತವನ್ನು ತಮ್ಮ ಕಡೆ ಎಳೆದುಕೊಂಡರು. “ಹಂಗಾರ ಏಳು. ಹಿಟ್ಟು ಒಣಗಾಕತ್ತೈತಿ.”

ಕೈ ತೊಳೆದುಕೊಂಡು ಹೋಗಿ ಮೇಜಿನ ಮುಂದೆ ಕೂತೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಶುರುವಾಯಿತು.