ಕುರಿನಿದ್ದೆಯ ಡಾಕ್ಟರಮ್ಮ

ಕುರಿಗಳ ನಿದ್ದೆಯನ್ನು ಅಳೆಯುವ ಡಾಕ್ಟರ್ ದ್ರಾಕ್ಷಾಯಿಣಿಯವರ ಬಾಯಿಗೆ ಬಿಡುವೆಂಬುದೇ ಇಲ್ಲ. ಯಲಬುರ್ಗಾದ ದೊಡ್ಡಿಯಲ್ಲಿ ಕುರಿಯ ತಲೆಗೆ ತಂತಿ ಅಂಟಿಸುತ್ತಲೇ ಮಾತು ಶುರು, ಪರದೆಯ ಮೇಲೆ ಮಿದುಳಿನ ಅಲೆ ಬದಲಾದರಂತೂ, “ನೋಡ್ರಿ, ನೋಡ್ರಿ! ಮಿದುಳಿನ ಹಿಂದಿನ ಭಾಗ ಮಲಗೈತಿ, ಮುಂದಿಂದು ಇನ್ನೂ ಎಚ್ಚರ ಐತಿ!” ಎಂದು ಕೇಕೆ. ಊಟದ ಹೊತ್ತಿಗೂ ನಿಲ್ಲದ ಈ ಮಾತಿಗೆ ಅಂಜಿ ಅವರ ಮನೆಯವರು ಉಂಡು ಕೈ ತೊಳೆಯಲು ಹೋದರೆ ಮರಳುವುದೇ ಇಲ್ಲ. “ನೀವು ಸುಮ್ನಾದ್ರ ಅದು ಪೂರಾ ಮಲಗತೈತ್ರಿ,” ಎಂದು ಕುರಿಯ ಒಡತಿ ಮಾರೆವ್ವ ಗದರಿದ ದಿನ ಡಾಕ್ಟರಮ್ಮ ಸೆರಗನ್ನು ಬಾಯಿಗೊತ್ತಿ ಕೂತರು. ಕುರಿ ಕಿವಿ ನಿಗುರಿಸಿ ಅವರನ್ನೇ ನೋಡುತ್ತ ನಿಂತುಬಿಟ್ಟಿತು. ತಡೆಯಲಾರದೆ, “ಯಾಕವ್ವಾ, ನಿದ್ದಿ ಬರವಲ್ದೇನು?” ಎಂದು ಅವರು ಹರಟೆಗಿಳಿದದ್ದೇ ತಡ, ಅದು ಮಂಡಿಯೂರಿ ಮಲಗಿತು, ಪರದೆಯಲ್ಲಿ ಹಿಂದು ಮುಂದು ಎಲ್ಲ ಅಲೆಗಳೂ ಒಟ್ಟಿಗೆ ನಿಧಾನವಾದವು, ಪೂರಾ ನಿದ್ದೆ. ದ್ರಾಕ್ಷಾಯಿಣಿಯವರ ಕಣ್ಣು ತುಂಬಿತು. ಮಾತನ್ನು ಮಾತ್ರ ನಿಲ್ಲಿಸಲಿಲ್ಲ; ನಿಲ್ಲಿಸಿದರೆ ಅದು ಎದ್ದುಬಿಟ್ಟೀತೆಂಬ ಭಯ.