ವಿಲಾಯಿತಿ ಬನೀನು

ಹಲಗೂರಿನಲ್ಲಿ ಮಳವಳ್ಳಿ ಬಸ್ಸಿಗೆ ಕಾಯುತ್ತಿದ್ದೆ. ಯುದ್ಧದಿಂದಾಗಿ ಪೆಟ್ರೋಲಿಲ್ಲ, ಇದ್ದಿಲಿನಿಂದ ಓಡುವ ಬಸ್ಸು ಬಂದಾಗ ಬಂತು. ಬೆಳಗಿನ ಚಳಿಗೆಂದು ಅಂಗಿಯೊಳಗೆ ಬರಿಮೈಗೆ ತೊಟ್ಟ ಹೊಸ ಉಣ್ಣೆ ಬನೀನು ಬೆನ್ನನ್ನೆಲ್ಲ ಚುಚ್ಚುತ್ತಿತ್ತು. ಮೈಸೂರಿನ ಅಂಗಡಿಯವನು ಅಪ್ಪಟ ವಿಲಾಯಿತಿ ಮಾಲೆಂದು ಕೊಟ್ಟದ್ದು. ನಾನು ಬೇವಿನ ಮರಕ್ಕೆ ಬೆನ್ನು ಉಜ್ಜುವುದನ್ನು ಪಕ್ಕದಲ್ಲಿ ಉಣ್ಣೆ ನೂಲುತ್ತ ಕುಳಿತಿದ್ದ ಅಜ್ಜಿ ನೋಡಿದಳು.

“ಯಾಕಪ್ಪ, ಕಜ್ಜಿಯಾ?”

“ಇಲ್ಲಜ್ಜಿ, ಬನೀನು. ವಿಲಾಯಿತಿ ಉಣ್ಣೆ, ಚುಚ್ಚುತ್ತೆ.”

“ಉಣ್ಣೆ ಯಾಕ್ ಚುಚ್ಚಾದು? ಅದ್ರೊಳಗೆ ಇರಾದು ಚುಚ್ತದೆ. ಬಿಚ್ಚು, ನೋಡಾವ.”

ಸುತ್ತ ನಾಲ್ಕು ಜನ ಇದ್ದರು. ಆದರೆ ತುರಿಕೆಯ ಮುಂದೆ ನಾಚಿಕೆ ನಿಲ್ಲುವುದಿಲ್ಲ. ಬಿಚ್ಚಿ ಕೊಟ್ಟು ನಡುಗುತ್ತ ನಿಂತೆ. ಅಜ್ಜಿ ಬನೀನನ್ನು ಒಳಹೊರಗು ಮಾಡಿ, ಕಣ್ಣು ಮುಚ್ಚಿಕೊಂಡು ಬೆರಳಿನಿಂದಲೇ ಹುಡುಕಿದಳು. ಉಗುರಿನಿಂದ ಒಂದೊಂದೇ ಮುಳ್ಳುಕಾಳು ಕಿತ್ತು ನನ್ನ ಅಂಗೈಗೆ ಹಾಕಿದಳು. ಉತ್ತರಾಣಿ! ನಮ್ಮ ಬೇಲಿ ಬದಿಯಲ್ಲಿ ನಡೆದರೆ ಪಂಚೆಗೆ ಅಂಟುತ್ತದಲ್ಲ, ಅದೇ.

“ಕುರಿ ಮೈ ತೊಳೀದೆ ಉಣ್ಣೆ ಕತ್ತರ್ಸವ್ರೆ, ಸೋಂಬೇರಿಗೋಳು,” ಎಂದು ಬೈದು, ನನ್ನ ಮುಖ ನೋಡಿದಳು. “ಅಲ್ಲ ಕಣಪ್ಪ, ವಿಲಾಯ್ತಿ ಬೇಲಿಲೂ ಉತ್ತರಾಣಿ ಬೆಳೀತದಾ?”

ನಿಂತವರೆಲ್ಲ ನಕ್ಕರು, ನಾನೂ ನಕ್ಕೆ. ಅಷ್ಟರಲ್ಲಿ ಬಸ್ಸು ಹೊಗೆಯುಗುಳುತ್ತ ಬಂತು. ಬನೀನು ತೊಟ್ಟು, ಅಂಗಿಯನ್ನು ಕೈಯಲ್ಲೇ ಹಿಡಿದು ಹತ್ತಿದೆ. ಚುಚ್ಚಲಿಲ್ಲ, ಬೆಚ್ಚಗಿತ್ತು.

ಪಕ್ಕದ ಸೀಟಿನವರು ನನ್ನ ತೋಳು ಮುಟ್ಟಿ ನೋಡಿ ಕೇಳಿದರು: “ಒಳ್ಳೆ ಮಾಲು. ಎಲ್ಲೀದು ಸ್ವಾಮಿ?”

“ಹಲಗೂರಿನ ಕಡೇದು,” ಎಂದೆ.